ನಿಮ್ಮ ಟಿಪ್ಪಣಿಗಳಿಗೆ ನಿಮ್ಮದೇ ವಿಕಿ: ಸ್ವಂತ ಸರ್ವರ್‌ನಲ್ಲಿ ಡೋಕುವಿಕಿ ನಡೆಸುವ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ವಿಕಿಯನ್ನು, ಅಂದರೆ ಬ್ರೌಸರ್‌ನಲ್ಲೇ ತೆರೆದು ತಿದ್ದುವ ಟಿಪ್ಪಣಿ ಪುಟಗಳ ಸಂಗ್ರಹವನ್ನು, ನಾನು ಕಳೆದುಕೊಂಡದ್ದು ಡಿಸ್ಕ್ ಕೆಟ್ಟ ದಿನ. ಫೋಲ್ಡರಿನ ಬ್ಯಾಕಪ್ ಇತ್ತು, ಹಾಗಾಗಿ ಧೈರ್ಯವಾಗಿಯೇ ಇದ್ದೆ. ಬಿಚ್ಚಿ ನೋಡಿದರೆ ಅದರಲ್ಲಿ ಪ್ರೋಗ್ರಾಮಿನ ಫೈಲ್‌ಗಳಷ್ಟೇ ಇದ್ದವು. ಬರೆದದ್ದೆಲ್ಲ ಡೇಟಾಬೇಸ್‌ನಲ್ಲಿತ್ತು, ಡೇಟಾಬೇಸ್ ಬೇರೆ ಜಾಗದಲ್ಲಿತ್ತು, ಅದರ ನಕಲನ್ನು ನಾನು ಒಮ್ಮೆಯೂ ತೆಗೆದಿರಲಿಲ್ಲ. ಮೂರು ವರ್ಷದ ಟಿಪ್ಪಣಿ ಹೋಯಿತು. ಅಂದಿನಿಂದ ಯಾವ ವಿಕಿ ನೋಡಿದರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾಳೆ ಈ ಸಾಫ್ಟ್‌ವೇರ್ ತೆರೆದುಕೊಳ್ಳದಿದ್ದರೂ ನಾನು ಬರೆದದ್ದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದೇ?

ಈ ಮಾರ್ಗದರ್ಶಿ ಆ ಪ್ರಶ್ನೆಯ ಸುತ್ತಲೇ ಇದೆ. ಜೊತೆಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗೆ ಎದುರಾಗುವ ಎರಡು ಮೂರು ತೊಡಕುಗಳಿವೆ. ಅವನ್ನು ಮೊದಲ ದಿನವೇ ಸರಿಪಡಿಸಿಕೊಳ್ಳಬೇಕು. ತಡವಾದಷ್ಟೂ ಕೆಲಸ ಹೆಚ್ಚು.

## ಯಾವ ವಿಕಿ?

ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ತೆರೆದರು. ಹವಾಯಿ ಭಾಷೆಯಲ್ಲಿ 'ವಿಕಿ' ಎಂದರೆ ಬೇಗ. ಪುಟವನ್ನು ನೋಡುತ್ತಿರುವ ಜಾಗದಲ್ಲೇ ತಿದ್ದಬಹುದು, ಇನ್ನೂ ಇಲ್ಲದ ಪುಟಕ್ಕೂ ಕೊಂಡಿ ಹಾಕಬಹುದು: ವಿಕಿಯ ಜೀವ ಇರುವುದು ಈ ಎರಡು ಗುಣಗಳಲ್ಲಿ. ಒಬ್ಬರೇ ಬಳಸುವ ವಿಕಿಗೂ ಬೇಕಾದದ್ದು ಇಷ್ಟೇ.

ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಬಲಿಷ್ಠ ತಂತ್ರಾಂಶ, ಆದರೆ ಅದಕ್ಕೆ ಡೇಟಾಬೇಸ್ ಬೇಕು. ಟಿಡ್ಲಿವಿಕಿ ಇಡೀ ವಿಕಿಯನ್ನು ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಅದು ಸೊಗಸಾದ ಯೋಚನೆಯೇ, ಆದರೆ ಫೋನು ಮತ್ತು ಕಂಪ್ಯೂಟರ್ ಎರಡರಿಂದಲೂ ತಿದ್ದತೊಡಗಿದರೆ ಯಾವ ಪ್ರತಿ ಹೊಸದು ಎಂಬ ಗೊಂದಲ ಶುರುವಾಗುತ್ತದೆ. ನಾನು ಆರಿಸಿಕೊಂಡದ್ದು ಡೋಕುವಿಕಿ. ಆಂಡ್ರಿಯಾಸ್ ಗೋರ್ 2004ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಇದು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಡೇಟಾಬೇಸ್ ಇಲ್ಲ. ನೀವು ಬರೆಯುವ ಪ್ರತಿ ಪುಟವೂ ಒಂದು ಸಾದಾ ಪಠ್ಯ ಫೈಲ್. ನನ್ನ ಪ್ರಶ್ನೆಗೆ ಹೌದು ಎನ್ನುವ ಉತ್ತರ ಇಲ್ಲಿ ಸಿಕ್ಕಿತು.

## ಯಂತ್ರ

ಹಳೆಯ ಲ್ಯಾಪ್‌ಟಾಪ್ ಸಾಕು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ಒಬ್ಬರ ವಿಕಿಗೆ ಬೇಕಾಗುವ ಶಕ್ತಿ ಬಹಳ ಕಡಿಮೆ. ರಾಸ್ಪ್‌ಬೆರಿ ಪೈ ಬಳಸುವವರು ಒಂದನ್ನು ನೆನಪಿಡಬೇಕು: ಮೆಮೊರಿ ಕಾರ್ಡ್‌ಗಳು ಪದೇ ಪದೇ ಬರೆಯುವುದರಿಂದ ಸವೆಯುತ್ತವೆ, ಕರೆಂಟ್ ಹಠಾತ್ತನೆ ಹೋದಾಗ ಕೆಡುವುದೂ ಉಂಟು. ಸಾಧ್ಯವಾದರೆ ವಿಕಿಯ ಫೋಲ್ಡರನ್ನು ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿಡಿ. ಲ್ಯಾಪ್‌ಟಾಪ್ ಆದರೆ ಅದರ ಬ್ಯಾಟರಿಯೇ ಕರೆಂಟ್ ಹೋದ ಹೊತ್ತಿಗೆ ಆಸರೆ, ನನಗೆ ಅದೇ ಹೆಚ್ಚು ಇಷ್ಟ.

ಮುಂದಿನ ಹಂತಗಳು ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ಇರುವ ಯಂತ್ರಕ್ಕೆ. ವಿಂಡೋಸ್‌ನಲ್ಲಿ ಸುಮ್ಮನೆ ರುಚಿ ನೋಡಬೇಕೆಂದರೆ ಡೋಕುವಿಕಿಯ ಡೌನ್‌ಲೋಡ್ ಪುಟದಲ್ಲೇ ವೆಬ್ ಸರ್ವರ್ ಸಮೇತ ಬರುವ ಆವೃತ್ತಿ ಸಿಗುತ್ತದೆ; ಬಿಚ್ಚಿ ಓಡಿಸಿದರೆ ಆಯಿತು. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

## ಹಂತ 1: ವೆಬ್ ಸರ್ವರ್ ಮತ್ತು ಪಿಎಚ್‌ಪಿ

ಮೊದಲು 'ಸುಡೊ ಆಪ್ಟ್ ಅಪ್‌ಡೇಟ್'. ಬಳಿಕ 'ಸುಡೊ ಆಪ್ಟ್ ಇನ್‌ಸ್ಟಾಲ್' ಎಂದು ಬರೆದು, ಅದರ ಮುಂದೆ ಈ ಪ್ಯಾಕೇಜ್‌ಗಳ ಹೆಸರು: ಅಪಾಚೆ2, ಪಿಎಚ್‌ಪಿ, ಲಿಬ್‌ಅಪಾಚೆ2-ಮಾಡ್-ಪಿಎಚ್‌ಪಿ, ಪಿಎಚ್‌ಪಿ-ಎಕ್ಸ್‌ಎಂಎಲ್, ಪಿಎಚ್‌ಪಿ-ಎಂಬಿಸ್ಟ್ರಿಂಗ್, ಪಿಎಚ್‌ಪಿ-ಜಿಡಿ. ಕೊನೆಯದು ಚಿತ್ರಗಳನ್ನು ಚಿಕ್ಕದು ಮಾಡಲು ಬೇಕು. ಎಂಬಿಸ್ಟ್ರಿಂಗ್ ಯೂನಿಕೋಡ್ ಪಠ್ಯಕ್ಕೆ, ಕನ್ನಡದಲ್ಲಿ ಬರೆಯುವವರು ಅದನ್ನು ಬಿಡಬೇಡಿ.

ಮುಗಿದ ಮೇಲೆ ಅದೇ ಯಂತ್ರದ ಬ್ರೌಸರ್‌ನಲ್ಲಿ 'ಲೋಕಲ್‌ಹೋಸ್ಟ್' ಎಂದು ತೆರೆಯಿರಿ. ಅಪಾಚೆ ಎಂಬ ಈ ವೆಬ್ ಸರ್ವರ್‌ನ ಸ್ವಾಗತ ಪುಟ ಕಂಡರೆ ಮುಂದಕ್ಕೆ ಹೋಗಬಹುದು.

## ಹಂತ 2: ಡೋಕುವಿಕಿ ಇಳಿಸಿ, ಬಿಚ್ಚಿ, ಮಾಲೀಕತ್ವ ಬದಲಿಸಿ

ಡೋಕುವಿಕಿಯ ಅಧಿಕೃತ ತಾಣದಿಂದ 'ಸ್ಟೇಬಲ್' ಆವೃತ್ತಿಯನ್ನೇ ಇಳಿಸಿಕೊಳ್ಳಿ. ಬಿಚ್ಚಿದಾಗ ಬರುವ ಫೋಲ್ಡರಿಗೆ 'ವಿಕಿ' ಎಂದು ಇಂಗ್ಲಿಷ್‌ನಲ್ಲಿ ಹೆಸರಿಟ್ಟು '/ವರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಎಚ್‌ಟಿಎಂಎಲ್' ಒಳಗೆ ಸರಿಸಿ.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಅಪಾಚೆ ಓಡುವುದು 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ' ಎಂಬ ಬಳಕೆದಾರನ ಹೆಸರಿನಲ್ಲಿ. ಫೋಲ್ಡರ್ ಮಾತ್ರ ನಿಮ್ಮ ಹೆಸರಿನಲ್ಲಿರುತ್ತದೆ. ಹಾಗಾಗಿ ವಿಕಿಗೆ ಪುಟ ಓದಲು ಬರುತ್ತದೆ, ಉಳಿಸಲು ಬರುವುದಿಲ್ಲ. 'ಸುಡೊ ಚೌನ್' ಕಮಾಂಡಿಗೆ ದೊಡ್ಡಕ್ಷರದ '-ಆರ್' ಸೇರಿಸಿ ಇಡೀ ವಿಕಿ ಫೋಲ್ಡರಿನ ಮಾಲೀಕತ್ವವನ್ನು ಆ ಬಳಕೆದಾರನಿಗೆ ವರ್ಗಾಯಿಸಿ. 'ಬರೆಯಲು ಅನುಮತಿ ಇಲ್ಲ' ಎಂಬ ದೂರು ಬಂದಾಗ ಫೋಲ್ಡರಿಗೆ 777 ಅನುಮತಿ ಕೊಟ್ಟು ಬಿಡಿ ಎಂದು ಯಾರಾದರೂ ಹೇಳಿಯಾರು. ಕೊಡಬೇಡಿ. ಅದು ಯಂತ್ರದಲ್ಲಿರುವ ಪ್ರತಿ ಪ್ರೋಗ್ರಾಮಿಗೂ ನಿಮ್ಮ ಟಿಪ್ಪಣಿಯನ್ನು ಅಳಿಸುವ ಅಧಿಕಾರ ಕೊಟ್ಟಂತೆ.

## ಹಂತ 3: ಟಿಪ್ಪಣಿಯ ಫೋಲ್ಡರಿಗೆ ಬೀಗ

ಪುಟಗಳೆಲ್ಲ 'ಡೇಟಾ' ಫೋಲ್ಡರಿನಲ್ಲಿ ಸಾದಾ ಪಠ್ಯವಾಗಿ ಇರುತ್ತವಲ್ಲ, ಬ್ರೌಸರ್‌ನಲ್ಲಿ ಆ ಫೈಲಿನ ವಿಳಾಸವನ್ನೇ ನೇರವಾಗಿ ಕೊಟ್ಟರೆ? ಲಾಗಿನ್ ಕೇಳದೆ ಪಠ್ಯ ತೆರೆದುಕೊಳ್ಳಬಹುದು. ಇದನ್ನು ತಡೆಯಲು ಡೋಕುವಿಕಿ ಆ ಫೋಲ್ಡರುಗಳಲ್ಲಿ '.ಎಚ್‌ಟಿಆಕ್ಸೆಸ್' ಎಂಬ ಫೈಲನ್ನು ಇಟ್ಟೇ ಕೊಡುತ್ತದೆ. ತೊಂದರೆ ಏನೆಂದರೆ, ಡೆಬಿಯನ್ ಮತ್ತು ಉಬುಂಟುವಿನ ಅಪಾಚೆ ಮೂಲ ಸೆಟ್ಟಿಂಗ್‌ನಲ್ಲಿ ಆ ಫೈಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಅಪಾಚೆಯ ಮುಖ್ಯ ಕಾನ್ಫಿಗ್ ಫೈಲನ್ನು ತೆರೆಯಿರಿ. '/ವರ್/ಡಬ್ಲ್ಯುಡಬ್ಲ್ಯುಡಬ್ಲ್ಯು/' ಡೈರೆಕ್ಟರಿಯ ಭಾಗದಲ್ಲಿ 'ಅಲೌಓವರ್‌ರೈಡ್ ನನ್' ಎಂದಿರುತ್ತದೆ. 'ನನ್' ತೆಗೆದು 'ಆಲ್' ಮಾಡಿ, ಅಪಾಚೆಯನ್ನು ರೀಸ್ಟಾರ್ಟ್ ಮಾಡಿ. ನಂತರ ಪರೀಕ್ಷೆ: ವಿಕಿಯ ವಿಳಾಸದ ಕೊನೆಗೆ 'ಡೇಟಾ/ಪೇಜಸ್/ವಿಕಿ/ಡೋಕುವಿಕಿ.ಟಿಎಕ್ಸ್‌ಟಿ' ಸೇರಿಸಿ ತೆರೆಯಿರಿ. 403, ಅಂದರೆ ಪ್ರವೇಶವಿಲ್ಲ ಎಂದು ಬರಬೇಕು. ಪಠ್ಯ ಕಂಡರೆ ಬೀಗ ಬಿದ್ದಿಲ್ಲ, ಹಾಗೆಯೇ ಮುಂದೆ ಹೋಗಬೇಡಿ.

## ಹಂತ 4: ಇನ್‌ಸ್ಟಾಲರ್

ಬ್ರೌಸರ್‌ನಲ್ಲಿ 'ಲೋಕಲ್‌ಹೋಸ್ಟ್/ವಿಕಿ/ಇನ್‌ಸ್ಟಾಲ್.ಪಿಎಚ್‌ಪಿ' ತೆರೆದರೆ ಒಂದು ಅರ್ಜಿ ಬರುತ್ತದೆ. ವಿಕಿಯ ಹೆಸರು, ನಿಮ್ಮ ಬಳಕೆದಾರ ಹೆಸರು, ಪಾಸ್‌ವರ್ಡ್. ಪ್ರವೇಶ ನೀತಿ ಕೇಳುವ ಕಡೆ ಮೂರು ಆಯ್ಕೆಗಳಿವೆ: ಓಪನ್, ಪಬ್ಲಿಕ್, ಕ್ಲೋಸ್ಡ್. ಕ್ಲೋಸ್ಡ್ ಆರಿಸಿ, ಆಗ ಲಾಗಿನ್ ಆಗದವರಿಗೆ ಓದಲೂ ಸಿಗುವುದಿಲ್ಲ. ಬೇರೆಯವರು ತಾವೇ ನೋಂದಾಯಿಸಿಕೊಳ್ಳುವ ಅವಕಾಶವನ್ನೂ ಮುಚ್ಚಿ. ಪರವಾನಗಿ ಪಟ್ಟಿಯಲ್ಲಿ ಏನನ್ನೂ ತೋರಿಸಬೇಡ ಎನ್ನುವ ಆಯ್ಕೆ ಸಾಕು, ಖಾಸಗಿ ಟಿಪ್ಪಣಿಗೆ ಪರವಾನಗಿ ಬೇಕಿಲ್ಲ.

ಮುಗಿದೊಡನೆ ಆ ಇನ್‌ಸ್ಟಾಲ್ ಫೈಲನ್ನು ಅಳಿಸಿಬಿಡಿ.

## ಹಂತ 5: ಮೊದಲ ಪುಟಕ್ಕೂ ಮುನ್ನ, ಕನ್ನಡದ ಸೆಟ್ಟಿಂಗ್

ಈ ಹಂತವನ್ನು ನಿಧಾನವಾಗಿ ಓದಿ.

ಡೋಕುವಿಕಿ ಪುಟದ ಹೆಸರನ್ನೇ ಫೈಲಿನ ಹೆಸರಾಗಿಸುತ್ತದೆ. ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಮೂಲ ಸೆಟ್ಟಿಂಗ್‌ನಲ್ಲಿ ಅದು ಶೇಕಡಾ ಚಿಹ್ನೆಗಳ ಸರಮಾಲೆಯಾಗಿ ಬದಲಿಸುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು, ಹೀಗೆ ಬದಲಿಸಿದಾಗ ಅದು 9 ಬೈಟ್ ಆಗುತ್ತದೆ. 'ಟಿಪ್ಪಣಿ' ಎಂಬ ಪದವನ್ನೇ ನೋಡಿ. ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್‌ಗೆ ಟ, ಗುಣಿಸು, ಪ, ಹಲಂತ, ಪ, ಣ, ಗುಣಿಸು ಎಂದು ಏಳು ಸಂಕೇತ. ಅಂದರೆ ಫೈಲಿನ ಹೆಸರಿನಲ್ಲಿ 63 ಬೈಟ್. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ ಇರುವ ಮಿತಿ 255 ಬೈಟ್. ಹಳೆಯ ಆವೃತ್ತಿಗಳ ಫೈಲಿಗೆ ಡೋಕುವಿಕಿ ಸಮಯದ ಮುದ್ರೆಯನ್ನೂ ಬಾಲವನ್ನೂ ಸೇರಿಸುವುದರಿಂದ ಇನ್ನೂ 18 ಬೈಟ್ ಹೋಗುತ್ತದೆ. ಲೆಕ್ಕ ಹಾಕಿದರೆ ಉಳಿಯುವುದು ಸುಮಾರು 26 ಸಂಕೇತ. ಮೂರು ಪದದ ಕನ್ನಡ ಶೀರ್ಷಿಕೆಗೇ ಜಾಗ ತುಂಬಿಹೋಗುತ್ತದೆ, ಅದಕ್ಕಿಂತ ಉದ್ದದ ಪುಟ ಉಳಿಯುವುದೇ ಇಲ್ಲ. ಇನ್ನೂ ದೊಡ್ಡ ನಷ್ಟ ಬೇರೆಯಿದೆ: ಫೋಲ್ಡರ್ ತೆರೆದರೆ ಯಾವ ಫೈಲ್ ಯಾವುದೆಂದು ಓದಲು ಆಗುವುದಿಲ್ಲ. ಸಾದಾ ಪಠ್ಯ ಬೇಕೆಂದು ಹುಡುಕಿ ಬಂದದ್ದೇ ವ್ಯರ್ಥ.

ಪರಿಹಾರ ಸುಲಭ. ಅಡ್ಮಿನ್ ವಿಭಾಗದ ಕಾನ್ಫಿಗರೇಶನ್ ಪುಟಕ್ಕೆ ಹೋಗಿ, 'ಎಫ್‌ಎನ್‌ಎನ್‌ಕೋಡ್' ಎಂಬ ಆಯ್ಕೆಯನ್ನು 'ಯುಆರ್‌ಎಲ್'ನಿಂದ 'ಯುಟಿಎಫ್-8'ಕ್ಕೆ ಬದಲಿಸಿ. ಈಗ ಫೋಲ್ಡರಿನಲ್ಲಿ ಹೆಸರುಗಳು ಕನ್ನಡದಲ್ಲೇ ಕಾಣುತ್ತವೆ, ಮಿತಿಯೂ ಸುಮಾರು 79 ಸಂಕೇತಗಳಿಗೆ ಏರುತ್ತದೆ. ಇದನ್ನು ಪುಟಗಳು ಬೆಳೆದ ಮೇಲೆ ಮಾಡಿದರೆ ಹಳೆಯ ಫೈಲುಗಳ ಹೆಸರು ತಾನಾಗಿ ಬದಲಾಗುವುದಿಲ್ಲ. ಆ ಪುಟಗಳು ವಿಕಿಯ ಕಣ್ಣಿಗೆ ಇಲ್ಲವೇ ಇಲ್ಲ ಎಂಬಂತಾಗುತ್ತವೆ. ಅದಕ್ಕೇ ಮೊದಲ ಪುಟಕ್ಕೂ ಮುನ್ನ ಎಂದದ್ದು.

ಅದೇ ಪುಟದಲ್ಲಿ 'ಮೊದಲ ಶೀರ್ಷಿಕೆಯನ್ನು ಪುಟದ ಹೆಸರಾಗಿ ಬಳಸು' ಎಂಬ ಅರ್ಥದ ಆಯ್ಕೆ ಇದೆ. ಅದನ್ನು 'ಯಾವಾಗಲೂ' ಎಂದು ಇಡಿ. ಆಗ ಫೈಲಿಗೆ ಚಿಕ್ಕ ಹೆಸರಿಟ್ಟು ಪುಟದೊಳಗೆ ಉದ್ದ ಶೀರ್ಷಿಕೆ ಬರೆದರೂ ಕೊಂಡಿಗಳಲ್ಲಿ ಶೀರ್ಷಿಕೆಯೇ ಕಾಣುತ್ತದೆ.

ಇನ್ನೊಂದು, ಕಣ್ಣಿಗೆ ಕಾಣದ ತೊಂದರೆ. ಕೆಲವು ಕನ್ನಡ ಕೀಲಿಮಣೆಗಳು ಹಲಂತದ ಬಳಿಕ ಅಗೋಚರವಾದ ಒಂದು ಸಂಕೇತವನ್ನು ಸೇರಿಸುತ್ತವೆ. 'ಸರ್ವರ್‌ನಲ್ಲಿ' ಎಂಬಲ್ಲಿ ನ-ಕಾರ ಒತ್ತಕ್ಷರವಾಗದಂತೆ ತಡೆಯುವುದು ಅದೇ. ಪದದ ನಡುವೆ ಅದು ಬೇಕು. ಕೊನೆಯಲ್ಲಿ ಬೇಕಿಲ್ಲ, ಆದರೂ ಕೂತಿರುತ್ತದೆ. ಫೋನಿನಲ್ಲಿ ಒಂದು ಕೀಲಿಮಣೆ, ಕಂಪ್ಯೂಟರ್‌ನಲ್ಲಿ ಇನ್ನೊಂದು ಇದ್ದರೆ ನೋಡಲು ಒಂದೇ ಥರದ ಎರಡು ಹೆಸರುಗಳು ಹುಟ್ಟಬಹುದು. ಪುಟದ ಹೆಸರು ಹಲಂತದಲ್ಲಿ ಮುಗಿಯದಂತೆ ನೋಡಿಕೊಳ್ಳುವುದು ಸುರಕ್ಷಿತ: 'ರೂಟರ್' ಬದಲು 'ರೂಟರ್ ಮಾಹಿತಿ'.

ಮೂಲ ವಿನ್ಯಾಸದಲ್ಲಿ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತಿವೆ ಅನಿಸಿದರೆ 'ಕಾನ್ಫ್' ಫೋಲ್ಡರಿನಲ್ಲಿ 'ಯೂಸರ್‌ಸ್ಟೈಲ್.ಸಿಎಸ್‌ಎಸ್' ಎಂಬ ಫೈಲ್ ಮಾಡಿ, ಸಾಲಿನ ಎತ್ತರವನ್ನು 1.7ರಷ್ಟು ಇಡಿ. ಬಳಿಕ ಕಾನ್ಫಿಗರೇಶನ್ ಪುಟವನ್ನು ಒಮ್ಮೆ ಸೇವ್ ಮಾಡಿದರೆ ಹೊಸ ಶೈಲಿ ಜಾರಿಗೆ ಬರುತ್ತದೆ. ದಿನವೂ ಓದುವ ಪುಟ ಕಣ್ಣಿಗೆ ಹಿತವಾಗಿರಲಿ.

## ಹಂತ 6: ಬರೆಯುವುದು

ಗುರುತುಗಳು ಕೆಲವೇ. ದೊಡ್ಡ ಶೀರ್ಷಿಕೆಗೆ ಎರಡೂ ಬದಿಯಲ್ಲಿ ಆರು ಸಮಚಿಹ್ನೆ, ಒಂದೊಂದು ಚಿಹ್ನೆ ಕಡಿಮೆಯಾದಂತೆ ಉಪಶೀರ್ಷಿಕೆ. ದಪ್ಪಕ್ಷರಕ್ಕೆ ಎರಡೂ ಬದಿಯಲ್ಲಿ ಎರಡೆರಡು ನಕ್ಷತ್ರ. ಪಟ್ಟಿಗೆ ಸಾಲಿನ ಮೊದಲು ಎರಡು ಖಾಲಿ ಜಾಗ ಬಿಟ್ಟು ನಕ್ಷತ್ರ; ಆ ಎರಡು ಜಾಗ ಮರೆತರೆ ಪಟ್ಟಿ ಬರುವುದಿಲ್ಲ. ಹೊಸ ಪ್ಯಾರಾಗೆ ಒಂದು ಖಾಲಿ ಸಾಲು. ಮುಖ್ಯವಾದದ್ದು ಕೊಂಡಿ: [[ರೂಟರ್ ಮಾಹಿತಿ]] ಎಂದು ಬರೆದರೆ ಆ ಪುಟಕ್ಕೆ ಕೊಂಡಿ ಬೀಳುತ್ತದೆ. ಪುಟ ಇನ್ನೂ ಇಲ್ಲದಿದ್ದರೆ ಕೊಂಡಿ ಕೆಂಪಾಗಿ ಕಾಣುತ್ತದೆ, ಒತ್ತಿದರೆ ಪುಟ ರಚಿಸಬಹುದು. ಮೊದಲು ಕೊಂಡಿ, ಆಮೇಲೆ ಪುಟ. ಈ ಕ್ರಮ ಒಮ್ಮೆ ಕೈಗೆ ಹತ್ತಿದರೆ ಎಲ್ಲಿಗೂ ಸೇರದ ಅನಾಥ ಪುಟಗಳು ಹುಟ್ಟುವುದೇ ಇಲ್ಲ.

ವಿಭಾಗಗಳನ್ನು ಇಲ್ಲಿ ನೇಮ್‌ಸ್ಪೇಸ್ ಎನ್ನುತ್ತಾರೆ. [[ಆರೋಗ್ಯ:ರಕ್ತಪರೀಕ್ಷೆ ವರದಿ]] ಎಂದರೆ 'ಆರೋಗ್ಯ' ಎಂಬ ಫೋಲ್ಡರಿನೊಳಗೆ ಆ ಪುಟ. ಖಾಲಿ ಜಾಗಗಳು ಫೈಲಿನ ಹೆಸರಿನಲ್ಲಿ ಅಡಿಗೆರೆಗಳಾಗುತ್ತವೆ. ಆರಂಭದಲ್ಲೇ ಇಪ್ಪತ್ತು ವಿಭಾಗಗಳ ನಕ್ಷೆ ಹಾಕಿಕೊಂಡು ಕೂರಬೇಡಿ. ಹಾಗೆ ಮಾಡಿದವರು ಟಿಪ್ಪಣಿ ಬರೆಯುವುದಕ್ಕಿಂತ ಅದು ಯಾವ ವಿಭಾಗಕ್ಕೆ ಸೇರಬೇಕೆಂದು ಯೋಚಿಸುವುದರಲ್ಲೇ ದಣಿಯುತ್ತಾರೆ. ಮೂರೋ ನಾಲ್ಕೋ ಸಾಕು. 'ಬಂದದ್ದು' ಎಂಬ ಒಂದು ಪುಟ ಇರಲಿ. ಎಲ್ಲಿ ಹಾಕಬೇಕೆಂದು ಹೊಳೆಯದ್ದೆಲ್ಲ ಅಲ್ಲಿಗೆ. ಪುಟದ ಹೆಸರು ಬದಲಿಸುವ ಸೌಲಭ್ಯ ಡೋಕುವಿಕಿಯ ಮೂಲದಲ್ಲಿ ಇಲ್ಲ, ಅದಕ್ಕಾಗಿ 'ಮೂವ್' ಎಂಬ ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯದ ತುಣುಕು, ಹಾಕಿಕೊಳ್ಳಿ. ಅದು ಪುಟ ಸರಿಸುವುದರ ಜೊತೆಗೆ ಅದಕ್ಕೆ ಬರುತ್ತಿದ್ದ ಕೊಂಡಿಗಳನ್ನೂ ತಿದ್ದುತ್ತದೆ. ಪ್ಲಗಿನ್‌ಗಳಲ್ಲಿ ನಾನು ಖಂಡಿತ ಬೇಕು ಎನ್ನುವುದು ಇದೊಂದನ್ನೇ. ಪ್ಲಗಿನ್ ಹೆಚ್ಚಿದಷ್ಟೂ ಅದಕ್ಕಷ್ಟೇ ಅರ್ಥವಾಗುವ ಗುರುತುಗಳು ನಿಮ್ಮ ಪಠ್ಯದಲ್ಲಿ ತುಂಬಿಕೊಳ್ಳುತ್ತವೆ.

'ಸೈಡ್‌ಬಾರ್' ಎಂದು ಇಂಗ್ಲಿಷ್ ಹೆಸರಿನ ಪುಟ ಮಾಡಿದರೆ ಅದು ಎಲ್ಲ ಪುಟಗಳ ಬದಿಯಲ್ಲೂ ಕಾಣುತ್ತದೆ. ಒಂದೇ ನಮೂನೆಯ ಟಿಪ್ಪಣಿ ಪದೇ ಪದೇ ಬರೆಯುವವರಿಗೆ ಇನ್ನೊಂದು ಅನುಕೂಲವಿದೆ: ಆ ವಿಭಾಗದ ಫೋಲ್ಡರಿನಲ್ಲಿ '_ಟೆಂಪ್ಲೇಟ್.ಟಿಎಕ್ಸ್‌ಟಿ' ಎಂಬ ಫೈಲ್ ಇಟ್ಟರೆ ಅಲ್ಲಿ ಹುಟ್ಟುವ ಪ್ರತಿ ಹೊಸ ಪುಟವೂ ಅದರ ಪಠ್ಯದೊಂದಿಗೇ ತೆರೆಯುತ್ತದೆ. ಓದಿದ ಪುಸ್ತಕಗಳ ಟಿಪ್ಪಣಿಗೆ ನಾನು ಹೀಗೆ ನಾಲ್ಕು ಉಪಶೀರ್ಷಿಕೆ ಇಟ್ಟುಕೊಂಡಿದ್ದೇನೆ.

ಪಾಸ್‌ವರ್ಡ್, ಬ್ಯಾಂಕ್ ಖಾತೆಯ ಗುಟ್ಟಿನ ಸಂಖ್ಯೆಗಳನ್ನು ಮಾತ್ರ ಇಲ್ಲಿ ಬರೆಯಬೇಡಿ. ಸಾದಾ ಪಠ್ಯ ಎಂದರೆ ಡಿಸ್ಕ್ ಕೈಗೆ ಸಿಕ್ಕ ಯಾರಿಗಾದರೂ ಓದಲು ಸಿಗುವ ಪಠ್ಯ. ಅವುಗಳಿಗೆ ಪಾಸ್‌ವರ್ಡ್ ಮ್ಯಾನೇಜರ್ ಇದೆ.

## ಹಂತ 7: ಹುಡುಕುವುದು

ಡೋಕುವಿಕಿ ಇಡೀ ಪದವನ್ನು ಹೋಲಿಸಿ ಹುಡುಕುತ್ತದೆ. ಇಂಗ್ಲಿಷ್‌ಗೆ ಇದು ಸಾಕು, ಕನ್ನಡಕ್ಕೆ ಸಾಲದು. ನಾವು 'ಬ್ಯಾಟರಿ' ಎಂದಷ್ಟೇ ಬರೆಯುವುದು ಅಪರೂಪ. ಬ್ಯಾಟರಿಯ, ಬ್ಯಾಟರಿಗೆ, ಬ್ಯಾಟರಿಯಲ್ಲಿ, ಬ್ಯಾಟರಿಯನ್ನು ಎಂದು ವಿಭಕ್ತಿ ಅಂಟಿಸಿಯೇ ಬರೆಯುತ್ತೇವೆ. 'ಬ್ಯಾಟರಿ' ಎಂದು ಹುಡುಕಿದರೆ ಇವು ಯಾವುವೂ ಸಿಗುವುದಿಲ್ಲ. ಪದದ ಕೊನೆಗೆ ನಕ್ಷತ್ರ ಹಾಕಿ: ಬ್ಯಾಟರಿ*. ಎಲ್ಲವೂ ಬರುತ್ತವೆ. ಉಕಾರಾಂತ ಪದಗಳಲ್ಲಿ ಕೊನೆಯ ಸ್ವರವನ್ನೂ ಬಿಡಬೇಕು. 'ಕಾಗದದಲ್ಲಿ' ಸಿಗಲು 'ಕಾಗದ*' ಸಾಕು, ಆದರೆ 'ಬೇರಿನಲ್ಲಿ' ಸಿಗಬೇಕಾದರೆ 'ಬೇರು*' ಎಂದು ಕೊಟ್ಟರೆ ಆಗದು, 'ಬೇರ*' ಎಂದು ಕೊಡಬೇಕು. ಇದಕ್ಕೆ ನಾನು ಕಂಡುಕೊಂಡ ದಾರಿ: ಪುಟದ ಕೊನೆಯಲ್ಲಿ ಒಂದು ಸಾಲು ಬರೆಯುವುದು. ಆ ಪುಟವನ್ನು ಮುಂದೊಂದು ದಿನ ಯಾವ ಪದದಿಂದ ಹುಡುಕಬಹುದೋ ಆ ಪದಗಳನ್ನೆಲ್ಲ ವಿಭಕ್ತಿ ಇಲ್ಲದೆ, ಕನ್ನಡ ಇಂಗ್ಲಿಷ್ ಎರಡರಲ್ಲೂ. ಅರ್ಧ ನಿಮಿಷದ ಕೆಲಸ.

## ಹಂತ 8: ಫೋನಿನಿಂದ ತೆರೆಯುವುದು

ರೂಟರಿನ ಸೆಟ್ಟಿಂಗ್‌ನಲ್ಲಿ ಸರ್ವರ್ ಯಂತ್ರಕ್ಕೆ ಒಂದು ಐಪಿ ವಿಳಾಸವನ್ನು ಕಾಯ್ದಿರಿಸಿ, ಉದಾಹರಣೆಗೆ 192.168.1.20. ಇಲ್ಲದಿದ್ದರೆ ರೂಟರ್ ಮತ್ತೆ ಶುರುವಾದಾಗ ವಿಳಾಸ ಬದಲಾಗಬಹುದು. ಅದೇ ವೈಫೈನಲ್ಲಿರುವ ಫೋನಿನ ಬ್ರೌಸರ್‌ನಲ್ಲಿ ಆ ವಿಳಾಸ ಕೊಟ್ಟು, ಮುಂದೆ '/ವಿಕಿ' ಸೇರಿಸಿ, ಪುಟವನ್ನು ಹೋಮ್ ಸ್ಕ್ರೀನ್‌ಗೆ ಹಾಕಿಕೊಳ್ಳಿ.

ಹೊರಗಿನಿಂದಲೂ ಬೇಕೆನಿಸಿದಾಗ ರೂಟರಿನಲ್ಲಿ ವಿಕಿಗೆ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದಾರಿ, ತೆರೆಯುವುದು ಸುಲಭದ ದಾರಿಯಂತೆ ಕಾಣುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ತೆರೆದ ಪೋರ್ಟ್‌ಗಳನ್ನು ಸ್ವಯಂಚಾಲಿತ ಪ್ರೋಗ್ರಾಮ್‌ಗಳು ಹಗಲು ರಾತ್ರಿ ಹುಡುಕುತ್ತಿರುತ್ತವೆ, ಮೇಲಾಗಿ ಎಚ್‌ಟಿಟಿಪಿಎಸ್ ಇಲ್ಲದ ಕಡೆ ನಿಮ್ಮ ಪಾಸ್‌ವರ್ಡ್ ಮರೆಯಿಲ್ಲದೆ ಹೋಗುತ್ತದೆ. ವೈರ್‌ಗಾರ್ಡ್‌ನಂಥ ವಿಪಿಎನ್, ಅಂದರೆ ಹೊರಗಿರುವ ಫೋನನ್ನು ಗುಟ್ಟಾಗಿ ಮನೆಯ ಜಾಲಕ್ಕೆ ಜೋಡಿಸುವ ವ್ಯವಸ್ಥೆ, ಹಾಕಿಕೊಳ್ಳಿ. 2020ರಲ್ಲಿ ಬಂದ 5.6ನೇ ಆವೃತ್ತಿಯಿಂದ ಅದು ಲಿನಕ್ಸ್ ಕರ್ನಲ್‌ನ ಭಾಗವೇ ಆಗಿದೆ. ಫೋನು ಎಲ್ಲೇ ಇದ್ದರೂ ಅದೇ ಜಾಲದೊಳಗೆ ಇರುವಂತೆ ವಿಕಿ ತೆರೆಯುತ್ತದೆ, ಹೊರಗಿನವರಿಗೆ ವಿಕಿ ಇದೆಯೆಂದೇ ತಿಳಿಯುವುದಿಲ್ಲ.

## ಹಂತ 9: ಬ್ಯಾಕಪ್

ಯಾವ ಫೋಲ್ಡರ್ ಏನು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. 'ಡೇಟಾ' ಒಳಗಿನ 'ಪೇಜಸ್' ನಿಮ್ಮ ಪುಟಗಳು. 'ಅಟಿಕ್' ಅವುಗಳ ಹಳೆಯ ಆವೃತ್ತಿಗಳು, ಕುಗ್ಗಿಸಿದ ರೂಪದಲ್ಲಿ. 'ಮೀಡಿಯಾ' ಚಿತ್ರಗಳು ಮತ್ತು ದಾಖಲೆಗಳು. 'ಮೆಟಾ' ಬದಲಾವಣೆಗಳ ಇತಿಹಾಸ. ಡೇಟಾದ ಹೊರಗಿರುವ 'ಕಾನ್ಫ್' ಸೆಟ್ಟಿಂಗ್ ಮತ್ತು ಬಳಕೆದಾರರ ಪಟ್ಟಿ. 'ಕ್ಯಾಶ್', 'ಇಂಡೆಕ್ಸ್', 'ಟಿಎಂಪಿ', 'ಲಾಕ್ಸ್' ಒಳಗಿನ ಫೈಲುಗಳು ಬೇಕಿಲ್ಲ, ಅವು ಮತ್ತೆ ಹುಟ್ಟುತ್ತವೆ. ಗೊಂದಲವೆನಿಸಿದರೆ ಇಡೀ ವಿಕಿ ಫೋಲ್ಡರನ್ನೇ ಕಟ್ಟಿಡಿ.

ಪ್ರತಿ ರಾತ್ರಿ, ಫೈಲುಗಳನ್ನು ಒಂದೇ ಕಟ್ಟಾಗಿಸುವ 'ಟಾರ್' ಮೂಲಕ ದಿನಾಂಕ ಹೊತ್ತ ಒಂದು ಕಟ್ಟು ತಯಾರಾಗಲಿ. ನಿಗದಿತ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ನಲ್ಲಿ 0 2 * * * ಎಂದು ಬರೆದರೆ ಬೆಳಗಿನ ಜಾವ 2ಕ್ಕೆ ಕೆಲಸ ನಡೆಯುತ್ತದೆ. ಆ ಕಟ್ಟು ಇನ್ನೊಂದು ಯಂತ್ರಕ್ಕೋ ಹೊರಗಿನ ಡಿಸ್ಕಿಗೋ ಹೋಗಬೇಕು; ಅದೇ ಡಿಸ್ಕಿನಲ್ಲಿದ್ದರೆ ಬ್ಯಾಕಪ್ ಅಲ್ಲ. ದಿನಾಂಕ ಏಕೆಂದರೆ, ಒಂದೇ ನಕಲನ್ನು ದಿನವೂ ಮೂಲಕ್ಕೆ ಸರಿಹೊಂದಿಸುತ್ತಾ ಹೋದರೆ ನೀವು ಇಂದು ತಪ್ಪಾಗಿ ಅಳಿಸಿದ್ದು ನಾಳೆ ನಕಲಿನಿಂದಲೂ ಅಳಿಯುತ್ತದೆ. ಡೋಕುವಿಕಿಯ ಹೊಸ ಆವೃತ್ತಿ ಹಾಕುವ ಮುನ್ನವೂ ಕೈಯಾರೆ ಒಂದು ಕಟ್ಟು ಮಾಡಿಕೊಳ್ಳಿ.

## ಹಂತ 10: ಮರಳಿ ಪಡೆಯುವ ತಾಲೀಮು

ವಿಕಿ ಶುರುಮಾಡಿದ ಮೊದಲ ವಾರದಲ್ಲೇ ಇದನ್ನು ಮಾಡಿ. ನಿನ್ನೆ ರಾತ್ರಿಯ ಕಟ್ಟನ್ನು ಬೇರೊಂದು ಕಂಪ್ಯೂಟರ್‌ಗೆ ಒಯ್ದು ಬಿಚ್ಚಿ. ಮೊದಲು ವಿಕಿಯನ್ನು ಮರೆತು 'ಪೇಜಸ್' ಫೋಲ್ಡರಿನಿಂದ ಯಾವುದಾದರೂ ಒಂದು ಫೈಲನ್ನು ಸಾದಾ ಎಡಿಟರ್‌ನಲ್ಲಿ ತೆರೆಯಿರಿ. ಹೆಸರು ಕನ್ನಡದಲ್ಲಿ ಕಾಣಬೇಕು, ಒಳಗಿನ ಪಠ್ಯ ಓದಲು ಬರಬೇಕು. ನಂತರ ಆ ಕಂಪ್ಯೂಟರ್‌ನಲ್ಲಿ ಪಿಎಚ್‌ಪಿ ಇದ್ದರೆ ವಿಕಿ ಫೋಲ್ಡರಿನೊಳಗೆ ನಿಂತು 'ಪಿಎಚ್‌ಪಿ -ಎಸ್ ಲೋಕಲ್‌ಹೋಸ್ಟ್:8000' ಕೊಡಿ, ಎಸ್ ದೊಡ್ಡಕ್ಷರ. ಇದು ಪರೀಕ್ಷೆಗಷ್ಟೇ ಇರುವ ಚಿಕ್ಕ ಸರ್ವರ್. ಹಂತ 3ರ ಬೀಗ ಇದಕ್ಕೆ ಅನ್ವಯಿಸುವುದಿಲ್ಲ, ಆದ್ದರಿಂದ ಆ ಯಂತ್ರದಾಚೆಗೆ ತೆರೆಯಬೇಡಿ. ಬ್ರೌಸರ್‌ನಲ್ಲಿ ಆ ವಿಳಾಸಕ್ಕೆ ಹೋಗಿ ಲಾಗಿನ್ ಆಗಿ, ನಿನ್ನೆ ಬರೆದ ಪುಟವನ್ನೂ ಅದರ ಹಳೆಯ ಆವೃತ್ತಿಯನ್ನೂ ತೆರೆಯಿರಿ.

ಹುಡುಕಿದರೆ ಏನೂ ಸಿಗದಿದ್ದರೆ ಗಾಬರಿ ಬೇಡ, ಇಂಡೆಕ್ಸ್ ಬ್ಯಾಕಪ್‌ನಲ್ಲಿ ಇರಲಿಲ್ಲ ಅಷ್ಟೇ. 'ಬಿನ್' ಫೋಲ್ಡರಿನ 'ಇಂಡೆಕ್ಸರ್.ಪಿಎಚ್‌ಪಿ'ಯನ್ನು '-ಸಿ' ಸೇರಿಸಿ ಓಡಿಸಿದರೆ ಮತ್ತೆ ಸಿದ್ಧವಾಗುತ್ತದೆ. ಪುಟವೇ ಕಾಣದಿದ್ದರೆ ಕ್ರಾನ್‌ನ ಸಾಲಿಗೆ ಹಿಂತಿರುಗಿ: ಅದು ಕಟ್ಟುತ್ತಿರುವ ಫೋಲ್ಡರ್ ಯಾವುದು, ಆ ಫೋಲ್ಡರನ್ನು ಓದುವ ಅನುಮತಿ ಅದಕ್ಕಿದೆಯೇ ಎಂದು ನೋಡಿ, ಸರಿಪಡಿಸಿ, ಮರುದಿನ ಬೆಳಗ್ಗೆ ಹೊಸ ಕಟ್ಟನ್ನು ಮತ್ತೆ ಬಿಚ್ಚಿ.